ಮೂರನೆಯ ಪ್ರಾರ್ಥನಾ ವಿಷಯ

ನನ್ನ ಮಗಳು ಓದಲು ಕೂತಾಗ ತನ್ನ ತಲೆಗೂದಲನ್ನು ತಾನೇ ಕೀಳುತ್ತಾಳೆ ಎಂಬ ಸಂಗತಿ ನನಗೆ ಗೊತ್ತಾದದ್ದು ಮನೆಯಲ್ಲಲ್ಲ. ಅಬುಧಾಬಿಯ ಮುಸಫಾದಲ್ಲಿ, ನಾನು ಫೋರ್‌ಮನ್ ಆಗಿರುವ ಅಲ್ಯೂಮಿನಿಯಂ ವರ್ಕ್‌ಶಾಪಿನಲ್ಲಿ, ಗಾಜಿನ ಹಾಳೆಗಳನ್ನು ಒರಗಿಸಿಟ್ಟ ಜಾಗದ ಹಿಂದೆ, ಬೇರೆಯವನ ಫೋನಿನಿಂದ.

ಫೋನು ನಮ್ಮ ಲಾರಿ ಓಡಿಸುವ ಕುಂದಾಪುರದ ಡ್ರೈವರನದು. ಊಟದ ಬಿಡುವಿನಲ್ಲಿ ಬಂದು, "ಅಣ್ಣ, ಒಂಚೂರ್ ಈಚೆ ಬನ್ನಿ" ಎಂದ. ಸಂಬಳದ ವಿಷಯವಿರಬೇಕು ಅಂದುಕೊಂಡು ಹೋದೆ. ಅವನು ನನ್ನ ಮುಖ ನೋಡಲಿಲ್ಲ.

"ನನ್ನ ಹೆಂಡ್ತಿ ಫೋನಿಗ್ ಬಂದದ್ದ್. ಶಾಲಿ ತಾಯಂದಿರ ಗ್ರೂಪ್ ಇತ್ತಲ್ದಾ, ಅದ್ರಲ್ಲ್. ನಿಮ್ಮನಿ ಸುದ್ದಿ ಅಂದೇಳಿ ಕಾಣತ್ತ್. ಬೇರೆಯವ್ರ್ ಹೇಳುಕ್ ಮೊದ್ಲ್ ನೀವೇ ಕೇಣಿ ಮಾರ್ರೆ."

ಸದ್ದು ಕಡಿಮೆ ಮಾಡಿ ಫೋನನ್ನು ನನ್ನ ಕಿವಿಗೆ ಹಿಡಿದ. ಬೆಂಗಳೂರು ಕಡೆಯ ಹೆಂಗಸಿನ ದನಿ. ಸಮಾಧಾನದ, ಸಿಹಿ ದನಿ. "ಪ್ರೈಸ್ ದ ಲಾರ್ಡ್. ಇವತ್ತಿನ ಚೈನ್ ಪ್ರೇಯರ್ ಪಾಯಿಂಟ್ಸ್" ಎಂದು ಶುರುವಾಯಿತು. ಮೊದಲನೆಯದು ಯಾರದೋ ವೀಸಾ. ಎರಡನೆಯದು ಯಾರದೋ ಬೆನ್ನುನೋವು. "ಮೂರನೇದು, ನಮ್ಮ ಉಡುಪಿ ಕಡೆ ಸಿಸ್ಟರ್ ಮಗಳು. ಟ್ವೆಲ್ತ್ ಸೈನ್ಸ್, ಬಿ ಸೆಕ್ಷನ್." ಶಾಲೆಯ ಹೆಸರನ್ನೂ ಹೇಳಿದಳು. "ಈ ಹುಡುಗಿ ತನ್ನ ಕೂದಲನ್ನ ತಾನೇ ಕಿತ್ಕೋತಿದ್ದಾಳೆ. ನೆತ್ತಿ ಮೇಲೆ ಬೋಳಾಗಿದೆ. ಇದು ನಾರ್ಮಲ್ ಅಲ್ಲ. ಅವರ ಫ್ಯಾಮಿಲೀಲಿ ಹಿಂದೆ ಭೂತಾರಾಧನೆ ಇತ್ತು. ಆ ಭೂತವೇ ಕೀಳ್ತಿರೋದು. ಆ ಬಂಧನ ಮುರೀಬೇಕು ಅಂತ ಪ್ರೇಯರ್ ಮಾಡಿ. ತಂದೆ ರಕ್ಷಣೆ ಹೊಂದಿಲ್ಲ, ಕಠಿಣ ಹೃದಯ. ಅವರಿಗೋಸ್ಕರನೂ ಪ್ರೇಯರ್ ಮಾಡಿ. ಆಮೆನ್."

ಡ್ರೈವರ್ ನನ್ನೆದುರೇ ಅದನ್ನು ಅಳಿಸಿದ. "ನಮ್ಮನೇಲೂ ಹೆಣ್ ಮಕ್ಳ್ ಇದ್ದೊ ಅಣ್ಣ" ಎಂದ, ಅಷ್ಟೆ. ಅವನ ಊರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಭೂತಕ್ಕೆ ಕೋಲ ಕೊಡುತ್ತಾರೆ. ಆ ಸಿಹಿ ದನಿ ತನ್ನ ಮನೆಯ ದೈವವನ್ನೂ ಸೇರಿಸಿ ಬೈದದ್ದು ಅವನಿಗೆ ಕೇಳಿಸಿರಲೇಬೇಕು. ನಾನು ಊಟದ ಡಬ್ಬಿ ತೆರೆದೆ. ಮೀನಿನ ಸಾರಿತ್ತು. ಮುಚ್ಚಿಬಿಟ್ಟೆ.

ಈ ಸಂಗತಿ ಅಲ್ಲಿಯವರೆಗೆ ಹೇಗೆ ಮುಟ್ಟಿತು ಎಂದು ಹೇಳಬೇಕಾದರೆ ನಾನು ಯಾರು ಎಂಬುದನ್ನೂ ಹೇಳಬೇಕು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ದುಡಿಯುತ್ತಿದ್ದ ಹೆಂಚಿನ ಕಾರ್ಖಾನೆ ಮುಚ್ಚಿದಾಗ ಪುಸ್ತಕ ಕಟ್ಟಿಟ್ಟು ಬಡಗಿಯ ಹಿಂದೆ ಹೋದೆ. ಮುಂದೆ ದುಬೈಗೆ ಬಂದು, ದೇರಾದ ಒಂದು ಕೋಣೆಯಲ್ಲಿ ಹತ್ತು ಜನರ ಜೊತೆ ಆರು ವರ್ಷ ಮಲಗಿದೆ. ಅಲ್ಲಿಂದ ಅಬುಧಾಬಿ. ಎಲೆಕ್ಟ್ರಾ ಸ್ಟ್ರೀಟಿನ ಕೆಲವು ಅಂಗಡಿಗಳ ಮುಂಭಾಗದ ಗಾಜು ನಾನು ಕೂರಿಸಿದ್ದು. ಈಗಲೂ ಆ ಕಡೆ ಹೋದರೆ ಅಂಚಿನ ಸಿಲಿಕಾನ್ ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಬಿಟ್ಟಿಲ್ಲ. ಹೆಂಡತಿ ಮಗಳನ್ನು ಕರೆಸಿಕೊಂಡು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಪಾಲು ಮಾಡಿದ ವಿಲ್ಲಾವೊಂದರ ಎರಡು ಕೋಣೆ, ಒಂದು ಅಡುಗೆಮನೆ ಹಿಡಿದದ್ದೂ ಯಾರ ಶಿಫಾರಸಿನಿಂದಲೂ ಅಲ್ಲ. ಮಗಳು ಹನ್ನೆರಡನೆಯದು ಮುಗಿಸಬೇಕು. ನಮ್ಮ ವಂಶದಲ್ಲಿ ಯಾರೂ ಮುಗಿಸಿಲ್ಲ. ನನಗೆ ಇದ್ದದ್ದು ಇದೊಂದೇ ಆಸೆ.

ನಾವು ಮಿಶನ್ ಕಾಲದಲ್ಲಿ ಕ್ರೈಸ್ತರಾದ ಮನೆಯವರು. ಮುತ್ತಜ್ಜನ ಕಾಲಕ್ಕೇ ಹಳೆಯದೆಲ್ಲ ಬಿಟ್ಟಾಗಿತ್ತು. ಇಲ್ಲಿ ನಮ್ಮದೊಂದು ಕನ್ನಡ ಸಭೆಯಿದೆ. ರಜೆ ಶುಕ್ರವಾರವಿದ್ದಾಗ ಶುಕ್ರವಾರ ಸೇರುತ್ತಿದ್ದೆವು, ರಜೆ ಬದಲಾದ ಮೇಲೆ ಭಾನುವಾರ. ಒಂದೇ ಹಾಲಿನಲ್ಲಿ ಹತ್ತಾರು ಭಾಷೆಯವರು ಸರದಿಯಂತೆ ಆರಾಧನೆ ಮಾಡುತ್ತಾರೆ. ನಮಗೆ ಸಿಗುವುದು ಒಂದೂವರೆ ಗಂಟೆ. ನಾನು ಅರ್ಧ ಗಂಟೆ ಮೊದಲೇ ಹೋಗಿ ಕುರ್ಚಿ ಜೋಡಿಸುತ್ತಿದ್ದೆ, ಹೆಂಡತಿ ಹಾಡಿನ ತಂಡದಲ್ಲಿ ಹಾಡುತ್ತಿದ್ದಳು. ಸತ್ಯವೇದದ ಪಾಠ ಓದುವ ಪಟ್ಟಿಯಲ್ಲಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಬಂದಿಲ್ಲ. ಅದು ಆಫೀಸುಗಳಲ್ಲಿ ದುಡಿಯುವ ಓದಿದವರ ಕೆಲಸ. ಅರ್ಥ ಹೇಳುವುದು ಸಭಾಪಾಲಕರ ಕೆಲಸ, ಅವರನ್ನು ನಾವು ಅಯ್ಯನವರು ಎನ್ನುತ್ತೇವೆ. ಕೇಳುವುದು ನಮ್ಮದು. ಮಧ್ಯೆ ಯಾರೂ ಯಾರನ್ನೂ "ಹೇಗಿದ್ದೀರಿ" ಎಂದು ನಿಜವಾಗಿ ಕೇಳುವುದಿಲ್ಲ, ಹೊರಗೆ ತಮಿಳು ಸಭೆಯವರು ಕಾಯುತ್ತಿರುತ್ತಾರೆ.

ನಮ್ಮ ಮನೆಯಿಂದ ಎರಡು ಬೀದಿ ಆಚೆಗಿನ ವಿಲ್ಲಾದಲ್ಲಿ ಶನಿವಾರ ಸಂಜೆ ಒಂದು ಬೈಬಲ್ ಸ್ಟಡಿ ನಡೆಯುತ್ತದೆ. ಅವರು ನಮ್ಮ ಸಭೆಯವರಲ್ಲ. ಯಾವ ಸಭೆ ಎಂದು ಕೇಳಿದರೆ "ನಾವು ಬರೀ ಕ್ರೈಸ್ತರು" ಎನ್ನುತ್ತಾರೆ. ಬರೀ ಕ್ರೈಸ್ತರೇ ಆದರೂ ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎನ್ನುತ್ತಾರೆ, ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್ ಎಂದೇ ಕರೆಯುತ್ತಾರೆ. ಚಪ್ಪಲಿಗಳನ್ನು ಹೊರಗೆ ಬಿಡಬಾರದು, ಚೀಲದಲ್ಲಿ ಹಾಕಿ ಒಳಗೆ ತರಬೇಕು, ಅಕ್ಕಪಕ್ಕದವರಿಗೆ ಜನ ಸೇರಿದ್ದು ಕಾಣಬಾರದು, ಮನೆಗಳಲ್ಲಿ ಹೀಗೆ ಸೇರಲು ಇಲ್ಲಿ ಅನುಮತಿಯಿಲ್ಲ. ನನ್ನ ಹೆಂಡತಿ ಅಲ್ಲಿಗೆ ಹೋಗಲು ಶುರು ಮಾಡಿದಾಗ ನಾನು ಬೇಡ ಎನ್ನಲಿಲ್ಲ. ಇಡೀ ವಾರ ಮನೆಯಲ್ಲಿ ಕೂತು ಬೇರೆಯವರ ರವಿಕೆ ಹೊಲಿಯುವವಳು. ಮೊದಲ ತಿಂಗಳು ಅವಳ ಮುಖದಲ್ಲಿ ಒಂದು ಗೆಲುವಿತ್ತು. "ಇವರೇ, ಅಲ್ಲಿ ನಾವು ಪ್ರಶ್ನೆ ಕೇಳ್ಬಹುದು ಗೊತ್ತುಂಟಾ" ಎನ್ನುತ್ತಿದ್ದಳು.

ನಾನೂ ಎರಡು ಸಲ ಹೋಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರು ಬೈಬಲಿನ ಒಂದೊಂದು ವಚನ ಓದಬೇಕು. ನನ್ನ ಸರದಿ ಬಂದಾಗ ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದಿದೆ. ಯಾರೂ ನಗಲಿಲ್ಲ. ಮನಸ್ಸಿಗೆ ಹಿತವಾಯಿತು. ಆದರೆ ಎರಡನೆಯ ವಾರ ಸಾಕ್ಷಿ ಹೇಳಿ ಎಂದರು. ಸಾಕ್ಷಿ ಎಂದರೆ ಮೊದಲು ನಾನೆಷ್ಟು ಕೆಟ್ಟವನಾಗಿದ್ದೆ, ಆಮೇಲೆ ಹೇಗೆ ಬದಲಾದೆ ಎಂದು ಹೇಳುವುದು. ಒಬ್ಬ ತಾನು ಕುಡಿದು ತಾಯಿಗೆ ಹೊಡೆದದ್ದನ್ನು ಹೇಳಿದ, ಉಳಿದವರು "ಸ್ತೋತ್ರ, ಸ್ತೋತ್ರ" ಎಂದರು. ನಾನು ಕುಡಿದವನಲ್ಲ, ಹೊಡೆದವನಲ್ಲ. ಹದಿಮೂರನೆಯ ವಯಸ್ಸಿನಿಂದ ದುಡಿದಿದ್ದೇನೆ ಎಂದೆ. "ಅದು ಸ್ವಂತ ನೀತಿ ಬ್ರದರ್, ಅದು ಸಾಲದು" ಎಂದಳು ಆ ಮನೆಯ ಸಿಸ್ಟರ್. ಮತ್ತೆ ನಾನು ಹೋಗಲಿಲ್ಲ. ಕಠಿಣ ಹೃದಯ ಎಂದು ಅವಳು ಆ ಆಡಿಯೋದಲ್ಲಿ ಹೇಳಿದ್ದಕ್ಕೆ ಕಾರಣ ಅದು.

ಆ ದಿನ ವರ್ಕ್‌ಶಾಪಿನಿಂದ ಬೇಗ ಹೊರಟು ಮನೆಗೆ ಹೋದೆ. ಹೆಂಡತಿ ಮೆಷಿನ್ ಮುಂದೆ ಕೂತಿದ್ದಳು. ನಾನು ಕೇಳಿದ ಕೂಡಲೇ ಅವಳ ಕಾಲು ನಿಂತಿತು.

"ಅಲ್ಲಿ ಕೊನೆಗೆ ಎಲ್ಲರೂ ಒಂದೊಂದು ಪ್ರಾರ್ಥನಾ ವಿಷಯ ಕೊಡ್ಬೇಕು. ನಾನು ಯಾವಾಗ್ಲೂ ನಿಮ್ಮ ಆರೋಗ್ಯ ಅಂತ ಹೇಳ್ತಿದ್ದೆ. ಆ ದಿನ ಬಾಯಿಗೆ ಬಂತು, ಹೇಳಿಬಿಟ್ಟೆ. ರೆಕಾರ್ಡ್ ಮಾಡಿ ಕಳಿಸ್ತಾರೆ ಅಂತ ನಂಗೊತ್ತಿತ್ತಾ?"

ಅವರ ಪದ್ಧತಿ ಹೀಗಂತೆ: ಇಪ್ಪತ್ತನಾಲ್ಕು ಗಂಟೆಯನ್ನು ಅರ್ಧರ್ಧ ಗಂಟೆ ಪಾಲು ಮಾಡಿ ಒಂದೊಂದು ಮನೆಯವರು ಪ್ರಾರ್ಥಿಸುವುದು. ಕೆಲವರು ಅಬುಧಾಬಿಯಲ್ಲಿ, ಕೆಲವರು ದುಬೈನಲ್ಲಿ, ಕೆಲವರು ಊರಿನಲ್ಲಿ. ಅವರಿಗೆಲ್ಲ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ಆಡಿಯೋ. ಆ ಗುಂಪಿನಲ್ಲಿದ್ದ ಯಾವಳೋ ಒಬ್ಬಳಿಗೆ ಪ್ರಾರ್ಥನೆ ಮಾತ್ರ ಸಾಕಾಗಲಿಲ್ಲ. ಶಾಲೆಯ ತಾಯಂದಿರ ಗ್ರೂಪಿಗೂ ದಾಟಿಸಿದಳು.

"ಭೂತದ ಕತೆ ಯಾರು ಹೇಳಿದ್ದು ಅವಳಿಗೆ?"

"ನಿಮ್ಮ ಮನೆಯವರು ಮೊದಲು ಏನಾಗಿದ್ರು ಅಂತ ಕೇಳಿದ್ರು. ಹೇಳಿದೆ."

"ನಾಲ್ಕು ತಲೆಮಾರಿನ ಹಿಂದಿನದ್ದು! ಆ ಭೂತದ ಹೆಸರು ನನ್ನ ಅಪ್ಪನಿಗೂ ಗೊತ್ತಿರ್ಲಿಲ್ಲ."

"ನೀವು ಬೊಬ್ಬೆ ಹಾಕ್ಬೇಡಿ, ಅವಳು ಒಳಗಿದ್ದಾಳೆ."

"ಅಷ್ಟು ಜನರಿಗೆ ಹೇಳ್ಲಿಕ್ಕೆ ಬಾಯಿ ಬಂತು, ನನಗೆ ಹೇಳ್ಲಿಕ್ಕೆ ಬರ್ಲಿಲ್ವಾ?"

ಅವಳು ನನ್ನನ್ನೇ ದಿಟ್ಟಿಸಿದಳು. "ನಿಮ್ಗೆ ಹೇಳಿದ್ರೆ ಎಂತ ಹೇಳ್ತಿದ್ರಿ? 'ನಾನು ಏಳನೇ ಕ್ಲಾಸಿಗೆ ಬಿಟ್ಟವ, ನಂಗಿಲ್ಲದ ಟೆನ್ಷನ್ ನಿಂಗೆಂತದು' ಅಂತ ಹೇಳ್ತಿದ್ರಿ. ಹೌದಾ ಅಲ್ವಾ? ನಮ್ಮ ಚರ್ಚಲ್ಲಿ ಯಾರ ಹತ್ರ ಹೇಳುದು? ಅಲ್ಲಿ ಒಬ್ರು ಕೈ ಹಿಡಿದು ಕೇಳಿದ್ರು. ಹೇಳಿದೆ."

ಮನೆಯೊಳಗೆ ಮಗಳ ನೆತ್ತಿ ಬೋಳಾಗುತ್ತಿದ್ದದ್ದು ನನಗೆ ಕಂಡಿರಲಿಲ್ಲ. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ನನ್ನ ಮೇಲೆಯೇ ನನಗೆ ಅಸಹ್ಯವಾಯಿತು, ಅದನ್ನು ಹೇಳದೆ ಬೇರೆಯವರ ಬಗ್ಗೆ ಮಾತ್ರ ಹೇಳಿದರೆ ಸುಳ್ಳಾಗುತ್ತದೆ.

ಕೋಣೆಗೆ ಹೋದೆ. ಮಗಳು ಅಗಲ ಬಟ್ಟೆಯ ಹೇರ್‌ಬ್ಯಾಂಡ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಆರು ತಿಂಗಳಿಂದ ಅದನ್ನು ಹಾಕುತ್ತಿದ್ದಳು. ಫ್ಯಾಶನ್ ಎಂದುಕೊಂಡಿದ್ದೆ.

"ಕ್ಲಾಸಲ್ಲಿ ಎಲ್ಲರ ಹತ್ರ ಉಂಟು ಪಪ್ಪ. ದ ಆಡಿಯೋ."

"ಯಾರು ಎಂತ ಹೇಳಿದ್ರು?"

"ಭೂತದ ಹೆಸರೆಂತ ಅಂತ ಕೇಳ್ತಾರೆ. ಒಬ್ಳು ನನ್ನ ಹಿಂದಿನ ಬೆಂಚಿಂದ ಎದ್ದು ಹೋಗಿ ಬೇರೆ ಕಡೆ ಕೂತ್ಳು. ಐ ಆಮ್ ನಾಟ್ ಗೋಯಿಂಗ್. ಖಲಾಸ್."

"ಪ್ರಾಕ್ಟಿಕಲ್ ಉಂಟಲ್ಲ ಮಗಾ, ಮೂರು ವಾರದಲ್ಲಿ."

"ಖಲಾಸ್ ಅಂದೆ ಅಲ್ವಾ ಪಪ್ಪ."

ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಯಿಂದ ಫೋನು ಬಂತು: ಪ್ರಾಕ್ಟಿಕಲ್ ತಪ್ಪಿದರೆ ಬೋರ್ಡ್ ಪರೀಕ್ಷೆಯ ಆಸೆ ಬಿಡಬೇಕು. ನಾನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸು, ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಮನಸ್ಸಿನ ಒತ್ತಡದಿಂದ ಕೆಲವರಿಗೆ ಹೀಗಾಗುತ್ತದೆ, ಹುಚ್ಚಲ್ಲ, ಕೂದಲು ಮತ್ತೆ ಬರುತ್ತದೆ ಎಂದರು. ಓದುವಾಗ ಕೈಗೆ ಬೇರೆ ಕೆಲಸ ಕೊಡಿ ಎಂದರು. ನಾನು ವರ್ಕ್‌ಶಾಪಿನಿಂದ, ಗಾಜಿನ ಸುತ್ತ ಚೌಕಟ್ಟಿಗೆ ತುರುಕುವ ಕಪ್ಪು ರಬ್ಬರ್ ಪಟ್ಟಿ ತಂದುಕೊಟ್ಟೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿ, ತಿರುಚಿ, ಹರಿದು ಹಾಕುತ್ತಿದ್ದಳು. ಮನೆಯಲ್ಲಿ ಓದುತ್ತಿದ್ದಳು. ಶಾಲೆಯ ಮಾತೆತ್ತಿದರೆ ಮಾತ್ರ ಗೋಡೆ ನೋಡುತ್ತಿದ್ದಳು.

ಶನಿವಾರ ನಾನು ಆ ವಿಲ್ಲಾಕ್ಕೆ ಹೋದೆ. ಬೂಟು ಹೊರಗೇ ಬಿಟ್ಟೆ, ಕಾಣುವವರಿಗೆ ಕಾಣಲಿ. ಹದಿನೈದು ಜನ ಸುತ್ತ ಕೂತಿದ್ದರು, ಮಧ್ಯೆ ಮಿಕ್ಸ್ಚರಿನ ತಟ್ಟೆ. ನಾನು ಬಾಗಿಲಲ್ಲಿ ನಿಂತದ್ದು ಕಂಡ ಸಿಸ್ಟರ್‌ಗೆ ಕಣ್ಣು ತುಂಬಿ ಬಂತು.

"ನೋಡಿ, ಬ್ರದರ್ ಬಂದ್ರು! ನಾವು ಮಾಡಿದ ಪ್ರಾರ್ಥನೆಗೆ ಇದೇ ಉತ್ತರ."

"ಸ್ತೋತ್ರ" ಎಂದರು ಎಲ್ಲರೂ.

ನಾನು ಜಗಳಕ್ಕೆ ಬಂದವನು. ಅವರಿಗೆ ನಾನೇ ಪ್ರಾರ್ಥನೆಯ ಫಲ! ಇಂಥವರ ಜೊತೆ ಜಗಳ ಮಾಡುವುದಾದರೂ ಹೇಗೆ?

"ನನ್ನ ಮಗಳ ವಿಷಯ ಎಲ್ಲರ ಫೋನಿಂದಲೂ ತೆಗೀರಿ" ಎಂದೆ.

"ಡಿಲೀಟ್ ಮಾಡೋ ಟೈಮ್ ಆಗೋಯ್ತು ಬ್ರದರ್. ಯಾರೋ ಫಾರ್ವರ್ಡ್ ಮಾಡಿದ್ದು ತಪ್ಪೇ, ಅದಕ್ಕೆ ಸಾರಿ. ಆದ್ರೆ ಅದರಿಂದ ಎಷ್ಟು ಜನ ನಿಮ್ಮ ಮಗಳಿಗಾಗಿ ಪ್ರೇ ಮಾಡ್ತಿದ್ದಾರೆ ಗೊತ್ತಾ?"

"ಶಾಲೆ, ಕ್ಲಾಸು, ಸೆಕ್ಷನ್ ಯಾಕೆ ಹೇಳಿದ್ರಿ? ದೇವರಿಗೆ ಅಡ್ರೆಸ್ ಬೇಕಿತ್ತಾ?"

"ಸ್ಪೆಸಿಫಿಕ್ ಆಗಿ ಕೇಳ್ಬೇಕು ಬ್ರದರ್. ಸುಮ್ನೆ ಕೇಳಿದ್ರೆ ಸುಮ್ನೆ ಉತ್ತರ ಸಿಗುತ್ತೆ."

ಅವಳು ಕೆಟ್ಟ ಹೆಂಗಸಲ್ಲ. ನನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ನಾಲ್ಕು ದಿನ ಗಂಜಿ ತಂದುಕೊಟ್ಟವಳು ಅವಳೇ, ನಮ್ಮ ಸಭೆಯ ಯಾರೂ ಅಲ್ಲ. ನನಗೆ ಹೇಸಿಗೆ ಹುಟ್ಟಿಸಿದ್ದು ಅದೇ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಇವರು ಒಂದು ಹುಡುಗಿಯ ನೆತ್ತಿಯನ್ನು ಬೀದಿಗಿಟ್ಟು ಅದನ್ನು ಪ್ರೀತಿ ಎಂದು ನಂಬಿದ್ದರು. ನಾನು ಹಲ್ಲು ಕಚ್ಚಿ ನಿಂತಿದ್ದಾಗ ಪಕ್ಕದಲ್ಲಿದ್ದ ಒಬ್ಬ ಬ್ರದರ್ ಎದ್ದು, ಪ್ರಾರ್ಥಿಸಲೆಂದು ನನ್ನ ತಲೆಯ ಮೇಲೆ ಕೈಯಿಟ್ಟ. ಮಿಕ್ಸ್ಚರ್ ತಿಂದ ಎಣ್ಣೆಗೈ. ಆ ಬಿಸಿ, ಆ ಜಿಡ್ಡು ನೆತ್ತಿಗೆ ತಾಗಿದ್ದು ಈಗ ನೆನೆದರೂ ಮೈ ಜುಂ ಎನ್ನುತ್ತದೆ. ಅವನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಟ್ಟೆ.

"ಊರಲ್ಲಿ ಭೂತ ನಂಬುವವರ ಮನೆಗಳಿಗೆ ನಾನು ಬಾಗಿಲು ಕೂರಿಸಿದ್ದೇನೆ" ಎಂದೆ. "ಯಾವ ಭೂತವೂ ಯಾರ ಮಗಳ ಮಾನಕ್ಕೂ ಕೈ ಹಾಕಿದ್ದು ನೋಡಿಲ್ಲ." ಹಾಗೆಂದು ಹೊರಟು ಬಂದೆ. ಮನೆಗೆ ಬಂದವನೇ ಎರಡು ಸಲ ಶ್ಯಾಂಪೂ ಹಾಕಿ ತಲೆ ತೊಳೆದೆ.

ಇಷ್ಟೇ ಆಗಿದ್ದರೆ, ಹೊರಗಿನವರ ಬೈಬಲ್ ಸ್ಟಡಿಗೆ ಹೋಗಬಾರದು ಎಂದು ನಾನೂ ಎಲ್ಲರಂತೆ ಹೇಳಿಬಿಡುತ್ತಿದ್ದೆನೋ ಏನೋ. ಆದರೆ ಮರುದಿನ ಭಾನುವಾರ. ಹೆಂಡತಿ ಬಲವಂತ ಮಾಡಿ ಮಗಳನ್ನೂ ಹೊರಡಿಸಿದಳು, "ನಮ್ಮ ಚರ್ಚಿನವರು ಹಾಗಲ್ಲ, ಬಾ" ಎಂದು. ಎಂದಿನಂತೆ ನಾನು ಕುರ್ಚಿ ಜೋಡಿಸಿದೆ. ಆರಾಧನೆ ಮುಗಿದ ಮೇಲೆ ಕಾರ್ಯದರ್ಶಿಗಳು ಎದ್ದು, ಎಲ್ಲರೂ ಹತ್ತು ನಿಮಿಷ ಕೂರಬೇಕು, ಒಂದು ಗಂಭೀರ ಚರ್ಚೆಯಿದೆ ಎಂದರು. ನಮ್ಮ ಸಭೆಯವರು ಬೇರೆ ಪಂಗಡಗಳ ಬೈಬಲ್ ಸ್ಟಡಿಗೆ ಹೋಗಬಹುದೇ ಹೋಗಬಾರದೇ ಎಂದು.

ಒಬ್ಬರು ಹೋಗಬಾರದು ಎಂದು ಒಂದು ವಚನ ಹೇಳಿದರು. ಇನ್ನೊಬ್ಬರು ಹೋಗಬಹುದು ಎಂದು ಇನ್ನೊಂದು ವಚನ ಹೇಳಿದರು. ಅಯ್ಯನವರು ಎರಡೂ ಸರಿ ಎನ್ನುವಂತೆ ತಲೆಯಾಡಿಸುತ್ತಿದ್ದರು. ಆಗ ಕಾರ್ಯದರ್ಶಿಗಳು, "ಬರೀ ವಾದ ಬೇಡ ಮಾರಾಯ್ರೆ, ಹೋದ್ರೆ ಎಂತ ಆಗ್ತದೆ ಅಂತ ನೀವೇ ಕೇಳಿ" ಎಂದು ಫೋನು ತೆಗೆದರು. ತೆಗೆದು ಮೈಕಿನ ಮುಂದೆ ಹಿಡಿದರು.

"ಪ್ರೈಸ್ ದ ಲಾರ್ಡ್. ಇವತ್ತಿನ ಚೈನ್ ಪ್ರೇಯರ್ ಪಾಯಿಂಟ್ಸ್..."

ನನ್ನ ಮಗಳು ಮೂರನೆಯ ಸಾಲಿನಲ್ಲಿ ಕೂತಿದ್ದಳು. ನಾನು ಹಿಂದಿನಿಂದ ಎದ್ದು ಮುಂದೆ ಹೋಗುವಷ್ಟರಲ್ಲಿ ವೀಸಾ ಮುಗಿದಿತ್ತು, ಬೆನ್ನುನೋವು ಮುಗಿದಿತ್ತು. "ಮೂರನೇದು, ನಮ್ಮ ಉಡುಪಿ ಕಡೆ ಸಿಸ್ಟರ್ ಮಗಳು" ಎಂಬಲ್ಲಿಗೆ ನಾನು ಮೈಕಿನ ತಂತಿ ಕಿತ್ತೆ. ಆದರೂ ಫೋನು ಸಣ್ಣ ದನಿಯಲ್ಲಿ ಒದರುತ್ತಲೇ ಇತ್ತು.

"ನಿಲ್ಲಿಸಿ ಅದನ್ನು."

"ಇಲ್ಲ, ಅಯ್ಯನವರು ಪೂರ್ತಿ ಕೇಳ್ಲಿ. ನಿಮ್ಮ ಮನೆಯವರ ಒಳ್ಳೇದಕ್ಕೇ ಮಾಡುದು ನಾವು. ಇನ್ನು ಅವರು ಹಾಡಿನ ತಂಡದಲ್ಲಿ ನಿಲ್ಬೇಕಾದ್ರೆ ಒಂದು ತಪ್ಪೊಪ್ಪಿಗೆ ಬರ್ಕೊಡ್ಲಿ. ಅಷ್ಟೆ."

"ಇದು ನಿಮ್ಗೆ ಎಲ್ಲಿಂದ ಬಂತು?"

"ಯಾರೋ ಕಳಿಸಿದ್ರು. ಮಾಹಿತಿಗಾಗಿ ಅಂತ ಕಮಿಟಿ ಗ್ರೂಪಿಗೆ ನಾನೇ ಹಾಕಿದ್ದು."

ಮಾಹಿತಿಗಾಗಿ! ಅಲ್ಲಿ ಪ್ರಾರ್ಥನೆಗಾಗಿ, ಇಲ್ಲಿ ಮಾಹಿತಿಗಾಗಿ. ನಾನು ಸಭೆಯ ಕಡೆ ತಿರುಗಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಲ್ಲಿ ನಿಂತು ಮಾತಾಡುತ್ತಿದ್ದೆ.

"ಈ ಆಡಿಯೋ ಯಾರ್ಯಾರ ಫೋನಲ್ಲಿ ಉಂಟು? ಕೈಯೆತ್ತಿ."

ಒಂದು ಕೈಯೂ ಏಳಲಿಲ್ಲ. ಆದರೆ ಎರಡನೆಯ ಸಾಲಿನ ಹೆಂಗಸೊಬ್ಬರ ಕೈ ತಾನಾಗಿ ಬ್ಯಾಗಿನ ಮೇಲೆ ಹೋಗಿ ಕೂತಿತು. ಅವರ ಗಂಡ ಜೇಬು ಮುಟ್ಟಿಕೊಂಡರು. ಅಷ್ಟು ಹೊತ್ತು ವಚನದ ಮೇಲೆ ವಚನ ಹೇಳಿದ ಇಬ್ಬರೂ ನೆಲ ನೋಡುತ್ತಿದ್ದರು. ಒಬ್ಬರೂ ನಮ್ಮ ಮನೆಗೆ ಬಂದು ಮಗಳು ಹೇಗಿದ್ದಾಳೆ ಎಂದು ಕೇಳಿದವರಲ್ಲ. ಅಯ್ಯನವರು "ನಾವೆಲ್ಲ ಪ್ರಾರ್ಥನೆ ಮಾಡುವ" ಎಂದು ಕಣ್ಣು ಮುಚ್ಚಿದರು. ಬಾಗಿಲು ಅರ್ಧ ತೆರೆದು ತಮಿಳಿನವರು ಇಣುಕುತ್ತಿದ್ದರು. ನಾವು ಮೂವರು ಅವರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದೆವು.

ಹೆಂಡತಿ ಕಾರಿನ ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಅರ್ಧ ದಾರಿ ಬಂದ ಮೇಲೆ ಮಗಳು ಹೇಳಿದಳು:

"ಪಪ್ಪ, ನೀವು ಇನ್ನು ಅವರಿಗೆ ಚೇರ್ ಇಡ್ಲಿಕ್ಕೆ ಹೋಗ್ಬೇಡಿ."

"ಇಲ್ಲ, ಹೋಗುದಿಲ್ಲ."

"ಪ್ರಾಮಿಸ್?"

"ಪ್ರಾಮಿಸ್." ಸ್ವಲ್ಪ ದೂರ ಹೋಗಿ ನಾನೆಂದೆ, "ನಿಂಗೆ ಅಲ್ಲಿ ಕೂತು ನಾಚಿಕೆ ಆಯ್ತಾ ಮಗಾ?"

"ನಂಗಾ? ನೋ. ಅವರಿಗೆ ಆದದ್ದು. ಆ ಆಂಟಿ ಬ್ಯಾಗ್ ಹಿಡ್ಕೊಂಡದ್ದು ನೋಡಿದ್ರಾ?" ಎಂದಳು. ಒಮ್ಮೆಲೇ ನಕ್ಕಳು. ಎಷ್ಟೋ ವಾರದ ಮೇಲೆ ನಕ್ಕದ್ದು. "ಕ್ಲಾಸಲ್ಲಿ ಸಹ ಹಾಗೇ ಕೇಳ್ಬೇಕು. ಹೂ ಹ್ಯಾಸ್ ಇಟ್? ಹ್ಯಾಂಡ್ಸ್ ಅಪ್."

ಸೋಮವಾರ ಬೆಳಿಗ್ಗೆ ಅವಳು ಯೂನಿಫಾರ್ಮ್ ಹಾಕಿಕೊಂಡು ಬಂದು ನಿಂತಳು. ಬಸ್ಸು ಬೇಡ ಎಂದಳು. ನಾನು ಮ್ಯಾನೇಜರಿಗೆ ಹೇಳಿ ದಿನವೂ ಅರ್ಧ ಗಂಟೆ ತಡವಾಗಿ ಹೋಗಲು ಒಪ್ಪಿಗೆ ಪಡೆದೆ, ಸಂಜೆ ಅದಕ್ಕೆ ಒಂದು ಗಂಟೆ ಹೆಚ್ಚು ದುಡಿದೆ. ಕ್ಲಾಸಿನಲ್ಲಿ ಅವಳು ಕೇಳಿದಳೋ ಇಲ್ಲವೋ ನನಗೆ ಹೇಳಲಿಲ್ಲ. ಕೆಲವು ದಿನ ಮುಖ ಸಪ್ಪೆ ಮಾಡಿಕೊಂಡು ಬಂದಳು, ಕೆಲವು ದಿನ ಇಲ್ಲ. ಪ್ರಾಕ್ಟಿಕಲ್ ಮೂರೂ ಮುಗಿಸಿದಳು. ಕೂದಲು ಕೀಳುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಹೆಂಡತಿ ತಪ್ಪೊಪ್ಪಿಗೆ ಬರೆದುಕೊಡಲಿಲ್ಲ. ನಾನು ಬೇಡ ಎಂದದ್ದರಿಂದಲ್ಲ, ಅವಳಿಗೇ ಮನಸ್ಸಾಗಲಿಲ್ಲ. ಹಾಡಿನ ತಂಡದಲ್ಲಿ ಈಗ ಅವಳಿಲ್ಲ. ನಾನು ಭಾನುವಾರ ಹೋಗುತ್ತೇನೆ, ಕೊನೆಯ ಸಾಲಿನಲ್ಲಿ ಕೂತು ಎದ್ದು ಬರುತ್ತೇನೆ. ಅದು ನನ್ನ ಅಪ್ಪ ಅಮ್ಮನ ಸಭೆ, ಕಾರ್ಯದರ್ಶಿಗಳದ್ದಲ್ಲ. ಕುರ್ಚಿ ಬೇರೆಯವರು ಇಡುತ್ತಾರೆ, ಸಾಲು ಸೊಟ್ಟ ಇರುತ್ತದೆ.

ಪರೀಕ್ಷೆಗೆ ಒಂದು ವಾರವಿದ್ದಾಗ, ಊಟಕ್ಕೆ ಕೂತಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು. ಆ ವಿಲ್ಲಾದವರು ಬೈಬಲಿನ ಹೊಸ ಪುಸ್ತಕ ಶುರು ಮಾಡಿದ್ದಾರೆ, ಓದುವುದು ಅವಳಿಗೆ ಇಷ್ಟ, ಹೋಗಲೋ ಬೇಡವೋ ಎಂದು. ಅವಳು ಕೇಳಿದ್ದು ನನ್ನನ್ನು. ಹೋಗಬೇಡ ಎನ್ನಲು ಬಾಯಿ ತೆರೆದೆ. ಅಷ್ಟು ಹೇಸಿಗೆ ನನ್ನೊಳಗಿತ್ತು, ಈಗಲೂ ಇದೆ. ಆದರೆ ಇದು ನಾನು ಹೇಳುವ ಮಾತಲ್ಲ ಅನ್ನಿಸಿತು. ಅಯ್ಯನವರೂ ಕಮಿಟಿಯೂ ಹೇಳುವ ಮಾತಂತೂ ಅಲ್ಲವೇ ಅಲ್ಲ.

"ಅವಳನ್ನು ಕೇಳು" ಎಂದೆ.

ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. "ಹೋಗಿ ಮಮ್ಮಿ, ಐ ಡೋಂಟ್ ಕೇರ್. ಬಟ್ ಅಲ್ಲಿ ನಿಮ್ಮ ತಲೆ ಬಗ್ಗೆ ಮಾತಾಡಿ. ನನ್ನ ತಲೆ ಬಗ್ಗೆ ಬೇಡ."

ಹೆಂಡತಿ ಆ ಶನಿವಾರ ಹೋಗಲಿಲ್ಲ. ಮುಂದೆ ಹೋಗುತ್ತಾಳೋ ಏನೋ, ನಾನು ಕೇಳಿಲ್ಲ.

ಮೊದಲ ಪರೀಕ್ಷೆಯ ಬೆಳಿಗ್ಗೆ ನಾವು ಮೂವರೂ ಹೊರಟೆವು. ಶಾಲೆಯ ಗೇಟಿನ ಮುಂದೆ ಕಾರುಗಳ ಸಾಲು. ಹಿಂದಿನ ಸೀಟಿನಲ್ಲಿ ಹೆಂಡತಿಯ ತುಟಿ ಅಲುಗಲು ಶುರುವಾಯಿತು, ಪಿಸುಗುಟ್ಟುವ ಸದ್ದು ಕೇಳಿಸಿತು. ಮಗಳು ತಿರುಗಿ "ಮಮ್ಮಿ" ಎಂದಳು, ಅಷ್ಟೆ. ಸದ್ದು ನಿಂತಿತು. ಮಗಳು ಇಳಿದಳು. ಗೇಟಿನ ಬಳಿ ನಿಂತಿದ್ದ ಇಬ್ಬರು ಹುಡುಗಿಯರು ಅವಳನ್ನು ನೋಡಿ ಏನೋ ಅಂದರು. ಇವಳೂ ನಿಂತು ಏನೋ ಅಂದಳು. ಮೂವರೂ ನಕ್ಕಂತೆ ಕಂಡಿತು. ಎಂಥ ನಗು ಎಂದು ಕಾರಿನೊಳಗಿಂದ ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಒಳಗೆ ಹೋದಳು. ನಾನು ಎಂದೂ ಕಾಣದ ಪರೀಕ್ಷೆಗೆ.

"ಈಗ ಮಾಡ್ಬಹುದಾ?" ಎಂದು ಹೆಂಡತಿ ಕೇಳಿದಳು.

"ಮಾಡು. ಮನಸ್ಸಲ್ಲಿ."

ಅವಳು ಕಣ್ಣು ಮುಚ್ಚಿದಳು. ವಾಚ್‌ಮನ್ ಬಂದು ಬಾನೆಟ್ ಮೇಲೆ ತಟ್ಟಿ "ಯಲ್ಲಾ, ಯಲ್ಲಾ" ಎಂದು ಮುಂದೆ ಹೋಗಲು ಕೈ ಬೀಸಿದ. ಒಂದು ನಿಮಿಷ ಎಂದು ಅವನಿಗೆ ಬೆರಳು ತೋರಿಸಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆಯತೊಡಗಿದ. ಅವಳು ಕಣ್ಣು ತೆರೆಯುವವರೆಗೆ ನಾನು ಕಾರು ಅಲ್ಲಾಡಿಸಲಿಲ್ಲ.